ತೊಳೆಯದ ಕೈಯೂ ಬಡವರ ಪ್ರಾಣವೂ
(ಮಿಲ್ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಎಣ್ಣೆ ಹತ್ತಿದ ಕೈಯಿಂದ ಬಟ್ಟೆ ಮುಟ್ಟಿದರೆ ಕಲೆ ಬೀಳುತ್ತದೆ. ಮಗ್ಗದ ಮುಂದೆ ನಿಲ್ಲುವ ನಿಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಹತ್ತುವ ಕಲೆ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಒಂದು ಕಾಯಿಲೆಗೆಂದು ಒಳಗೆ ಹೋದವನು ಇನ್ನೊಂದನ್ನು ಹೊತ್ತುಕೊಂಡು ಬರುತ್ತಾನೆ. ಕೆಲವರು ಬರುವುದೇ ಇಲ್ಲ. ನಾವು ಇದನ್ನು ಹಣೆಬರಹ ಎನ್ನುತ್ತೇವೆ. ಹೌದೋ ಅಲ್ಲವೋ, ಒಂದು ಹಳೆಯ ಸಂಗತಿಯಿಂದ ನೋಡೋಣ.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಬಡ ಹೆಂಗಸರಿಗೆ ಧರ್ಮಾರ್ಥವಾಗಿ ಹೆರಿಗೆ ಮಾಡಿಸುತ್ತಿದ್ದರು. ಅಲ್ಲಿ ಎರಡು ವಿಭಾಗಗಳು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು; ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ವೈದ್ಯರ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ತಾಯಂದಿರು ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ 3,754ಕ್ಕೆ 105. ಊರ ಹೆಂಗಸರಿಗೆ ಈ ವ್ಯತ್ಯಾಸ ಗೊತ್ತಿತ್ತು. ಮೊದಲ ವಿಭಾಗಕ್ಕೆ ಹಾಕಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರಿಗೆ ಜ್ವರ ಬರುವುದು ಅಪರೂಪವಾಗಿತ್ತು!

ಕೆಟ್ಟ ಗಾಳಿಯೇ ಕಾರಣವೆಂದು ದೊಡ್ಡವರು ಹೇಳಿದರು. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಕಿರಿಯ ವೈದ್ಯನಿಗೆ ಇದು ಒಪ್ಪಿಗೆಯಾಗಲಿಲ್ಲ. ಗಾಳಿ ಎರಡು ವಿಭಾಗಗಳಿಗೂ ಒಂದೇ ಅಲ್ಲವೆ? 1847ರಲ್ಲಿ ಆತನ ಗೆಳೆಯ ಪ್ರೊಫೆಸರ್ ಕೊಲೆಚ್ಕಾ ಹೆಣ ಕೊಯ್ಯುವ ಕೋಣೆಯಲ್ಲಿ ಚಾಕು ತಗುಲಿ, ಬಾಣಂತಿಯರಿಗೆ ಬರುವಂತಹ ಜ್ವರವೇ ಬಂದು ಸತ್ತ. ಆಗ ಗುಟ್ಟು ಹೊಳೆಯಿತು. ವೈದ್ಯರು ಹೆಣ ಕೊಯ್ದು ಅಲ್ಲಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಹೆಣದ ಕೆಲಸವಿರಲಿಲ್ಲ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಎಲ್ಲರೂ ಕೈ ತೊಳೆಯಲೇಬೇಕೆಂದು ಆತ ಮೇ ತಿಂಗಳಲ್ಲಿ ಕಟ್ಟುಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18 ಇದ್ದ ಸಾವು ಜುಲೈನಲ್ಲಿ 1ರ ಆಸುಪಾಸಿಗೆ ಇಳಿಯಿತು.

ಆತನನ್ನು ಹೊತ್ತು ಮೆರೆಸಿದರೆ? ಇಲ್ಲ. ತಮ್ಮ ಕೈಯೇ ಕೊಂದಿತೆಂದು ಒಪ್ಪಲು ಬಹಳ ಮಂದಿ ಪಂಡಿತರು ಸಿದ್ಧರಿರಲಿಲ್ಲ. 1849ರಲ್ಲಿ ಆತನ ಕೆಲಸ ಹೋಯಿತು. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ.

ಇದು ಮುಗಿದ ಕಥೆ ಎನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದಂತೆ, ಆಸ್ಪತ್ರೆ ಸೇರಿದ ನೂರು ಮಂದಿಯಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಉಳಿದ ದೇಶಗಳಲ್ಲಿ 15 ಮಂದಿಗೆ ಅಲ್ಲಿಯೇ ಸೋಂಕು ಹತ್ತುತ್ತದೆ. ಬ್ರಹ್ಮನು ದೇಶದ ಆದಾಯ ನೋಡಿ ಹಣೆಬರಹ ಬರೆಯುತ್ತಾನೆಯೆ?

ಇದಕ್ಕೆ ದಂಡ ತೆರುವವರು ಯಾರು? ಹೆಚ್ಚಿಗೆ ಮಲಗಿದ ದಿನಗಳ ಕೂಲಿ ಹೋಗುವುದು ಕಾರ್ಮಿಕನದು. ಬಾಗಿಲು ಹಾಕುವುದು ಸಣ್ಣ ವ್ಯಾಪಾರಿಯ ಅಂಗಡಿ.

ದಾದಿಯೊಬ್ಬಳನ್ನು ಬೈದು ಮನೆಗೆ ಬಂದರೆ ಆಗದು. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಆಕೆ ಕೈ ತೊಳೆಯುವುದೆಲ್ಲಿ? ಆದುದರಿಂದ ನಾವು ಕೇಳಬೇಕಾದುದು ಇಷ್ಟು: ಪ್ರತಿ ವಾರ್ಡಿಗೂ ನೀರು, ಸಾಬೂನು, ಒಬ್ಬ ರೋಗಿಗೆ ಒಂದು ಮಂಚ, ಸಾಕಷ್ಟು ದಾದಿಯರು, ಕಸ ತೆಗೆಯುವವರಿಗೆ ಕೈಗವಸು ಮತ್ತು ಕಾಯಂ ಕೆಲಸ, ಸೋಂಕಿನ ಲೆಕ್ಕ ಬರೆದು ಜನರ ಮುಂದಿಡುವುದು. ವಿಯೆನ್ನಾದಲ್ಲಿ ಸತ್ಯ ಹೊರಬಿದ್ದದ್ದು ಅಂತಹ ಲೆಕ್ಕದಿಂದಲೇ.

ನಮ್ಮ ಕರ್ತವ್ಯವೂ ಉಂಟು. ರೋಗಿಯನ್ನು ಮುಟ್ಟುವ ಮುಂಚೆಯೂ ಮುಟ್ಟಿದ ಮೇಲೂ ಸಾಬೂನು ಹಚ್ಚಿ ಕೈ ತೊಳೆಯಿರಿ. ಅವನ ಮಂಚದ ಮೇಲೆ ಗುಂಪಾಗಿ ಕೂರಬೇಡಿ. ಸೂಜಿ ಹೊಸದೆ ಎಂದು ವಿಚಾರಿಸಿ. "ಡಾಕ್ಟರೆ, ಕೈ ತೊಳೆದಿರಾ?" ಎಂದು ವಿನಯದಿಂದ ಕೇಳಿ. ಅದು ಅವಮರ್ಯಾದೆಯಲ್ಲ.

ವಿಯೆನ್ನಾದ ಹೆಂಗಸರು ಮೊಣಕಾಲೂರಿ ಬೇಡಿದರು. ನಾವು ನಿಂತು ಕೇಳೋಣ.