ಮದ್ಯವೂ ಅರಿವಳಿಕೆಯೂ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



  ಇಂದಿನ ಮಾತಿಗೆ ಒಂದು ಸಣ್ಣ ಘಟನೆಯೇ ಕಾರಣ. ಕಳೆದ ವರ್ಷ ನಮ್ಮ ಬಳಗದ ಗೆಳೆಯರೊಬ್ಬರಿಗೆ ಹರ್ನಿಯಾ ಶಸ್ತ್ರಕ್ರಿಯೆಯಾಗಬೇಕಾಗಿತ್ತು. ಅರಿವಳಿಕೆ ಕೊಡುವ ವೈದ್ಯರು, “ಕುಡಿಯುವ ಅಭ್ಯಾಸ ಉಂಟೇ?” ಎಂದು ಕೇಳಿದರು. ಪಕ್ಕದಲ್ಲಿ ಮಡದಿ ನಿಂತಿದ್ದರು. ಗೆಳೆಯರು “ಇಲ್ಲ” ಎಂದುಬಿಟ್ಟರು. ನಿಜ ಬಲ್ಲ ನಾವೂ ಸುಮ್ಮನಿದ್ದೆವು. ಪುಣ್ಯಕ್ಕೆ ಕೇಡೇನೂ ಆಗಲಿಲ್ಲ. ಆದರೆ ಆ ಮೌನ ನಮ್ಮನ್ನು ಇನ್ನೂ ಚುಚ್ಚುತ್ತಿದೆ. ವೈದ್ಯರು ಹಾಗೇಕೆ ಕೇಳಿದರೆಂದು ಆಮೇಲೆ ಓದಿ ತಿಳಿದುದನ್ನು ತಮ್ಮ ಮುಂದಿಡುತ್ತೇವೆ.

ನಮ್ಮ ಮೈಯ ಪ್ರತಿಯೊಂದು ಜೀವಕೋಶಕ್ಕೂ ಒಂದು ಪೊರೆಯುಂಟು. ಅದು ಕೊಬ್ಬಿನ ಜಾತಿಯ ಅಣುಗಳು ಎರಡು ಸಾಲಾಗಿ ನಿಂತು ಮಾಡಿದ ಗೋಡೆ. ಕೂದಲೆಳೆಯನ್ನು ಹತ್ತು ಸಾವಿರ ಪಾಲು ಸೀಳಿದರೆ ಒಂದು ಪಾಲು ಎಷ್ಟಾದೀತೋ, ಅದರ ದಪ್ಪ ಸುಮಾರು ಅಷ್ಟೆ. ಈ ಗೋಡೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಅವು ತೆರೆದು ಮುಚ್ಚುವುದರಿಂದಲೇ ನರಗಳಲ್ಲಿ ಸುದ್ದಿ ಹರಿಯುತ್ತದೆ.

ಕೈಗೆ ಹತ್ತಿದ ಎಣ್ಣೆಬಣ್ಣ ಬರಿಯ ನೀರಿಗೆ ಹೋಗದು. ಸೀಮೆಎಣ್ಣೆ ಹಚ್ಚಿದರೆ ಹೋಗುತ್ತದೆ. ಎಣ್ಣೆಗೆ ಎಣ್ಣೆಯೇ ನೆಂಟ. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬವರು ಎಲ್ಲರೆದುರು ರೋಗಿಗೆ ಈಥರ್ ಮೂಸಿಸಿ ನೋವಿಲ್ಲದೆ ಶಸ್ತ್ರಕ್ರಿಯೆ ನಡೆಯುವಂತೆ ಮಾಡಿದರು. ಮರುವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ನರು ಕ್ಲೋರೋಫಾರಂ ಬಳಕೆಗೆ ತಂದರು. ಇವು ಹೇಗೆ ಅರಿವು ಅಳಿಸುತ್ತವೆ? 1899ರಲ್ಲಿ ಮೇಯರ್, 1901ರಲ್ಲಿ ಓವರ್ಟನ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಒಂದೇ ನಿಯಮ ಕಂಡರು. ಯಾವ ವಸ್ತು ನೀರಿಗಿಂತ ಆಲಿವ್ ಎಣ್ಣೆಯಲ್ಲಿ ಹೆಚ್ಚು ಕರಗುತ್ತದೆಯೋ, ಅದು ಅಷ್ಟೇ ಕಡಿಮೆ ಪ್ರಮಾಣದಲ್ಲಿ ಗೊದಮೊಟ್ಟೆಗಳನ್ನು ಮಲಗಿಸುತ್ತಿತ್ತು. ಪೊರೆಯ ಕೊಬ್ಬಿನಲ್ಲಿ ಮದ್ದು ಕರಗುವುದೇ ಅರಿವಳಿಕೆಗೆ ಕಾರಣವೆಂದು ಬಹುಕಾಲ ನಂಬಲಾಯಿತು.

ಆ ನಂಬಿಕೆಗೆ ತೊಡಕುಗಳೂ ಬಂದವು. ಮದ್ದು ಕರಗಿದಾಗ ಪೊರೆ ಎಷ್ಟು ಸಡಿಲವಾಗುವುದೋ, ತುಸು ಜ್ವರ ಬಂದರೂ ಸುಮಾರು ಅಷ್ಟೇ ಸಡಿಲವಾಗುತ್ತದೆ. ಆದರೆ ತುಸು ಜ್ವರದಿಂದ ಯಾರೂ ಎಚ್ಚರ ತಪ್ಪುವುದಿಲ್ಲವಷ್ಟೆ! 1984ರಲ್ಲಿ ಫ್ರಾಂಕ್ಸ್ ಮತ್ತು ಲೀಬ್ ಎಂಬವರು ಮಿಂಚುಹುಳುವಿನ ಬೆಳಕಿಗೆ ಬೇಕಾದ ಪ್ರೋಟೀನನ್ನು ಪರೀಕ್ಷಿಸಿದರು. ಕೊಬ್ಬಿನ ಸೋಂಕೇ ಇಲ್ಲದಿದ್ದರೂ ಅರಿವಳಿಕೆಗಳು ಅದರ ಕೆಲಸವನ್ನು ತಡೆದವು. ಮದ್ದು ಮುಖ್ಯವಾಗಿ ಬಾಗಿಲುಗಳನ್ನೇ ಹಿಡಿಯುತ್ತದೆಂಬುದು ಈಗಿನ ಹೆಚ್ಚಿನ ತಜ್ಞರ ಮತ. ಗೋಡೆಯ ಪಾತ್ರವೂ ಉಂಟೆಂದು 2020ರಲ್ಲಿ ಹೊಸ ಸಂಶೋಧನೆ ಹೊರಬಂದಿತು. ವಾದ ಮುಗಿದಿಲ್ಲ.

ನಾವಿರುವ ಈ ಹೈದರಾಬಾದಿಗೂ ಈ ಕಥೆಯಲ್ಲಿ ಸ್ಥಾನವಿದೆ. 1888 ಮತ್ತು 1889ರಲ್ಲಿ ಡಾಕ್ಟರ್ ಎಡ್ವರ್ಡ್ ಲಾರಿಯವರ ಯತ್ನದಿಂದ, ನಿಜಾಮರ ನೆರವಿನಿಂದ, ಇಲ್ಲಿ ಎರಡು ಕ್ಲೋರೋಫಾರಂ ಆಯೋಗಗಳು ನಡೆದವು. ಉಸಿರನ್ನು ಕಾದರೆ ಸಾಕು, ಹೃದಯಕ್ಕೆ ಭಯವಿಲ್ಲ ಎಂದು ಅವು ಸಾರಿದವು. ಕ್ಲೋರೋಫಾರಂ ಹೃದಯವನ್ನೇ ನೇರವಾಗಿ ನಿಲ್ಲಿಸಬಲ್ಲದೆಂದು 1911ರಲ್ಲಿ ಲೆವಿ ಎಂಬವರು ತೋರಿಸಿದರು. ಅರ್ಧ ನಿಜವೂ ಪ್ರಾಣಕ್ಕೆ ಎರವಾದೀತು.

ಇನ್ನು ಮದ್ಯ. ಮದ್ಯಸಾರವು ನೀರಿಗೂ ಸಲ್ಲುತ್ತದೆ, ಕೊಬ್ಬಿಗೂ ಸ್ವಲ್ಪ ಸಲ್ಲುತ್ತದೆ. ಅದರ ಅಣು ಬಲು ಚಿಕ್ಕದು. ಪೊರೆಗಳನ್ನು ದಾಟಿ ಕೆಲವೇ ನಿಮಿಷಗಳಲ್ಲಿ ಮಿದುಳು ಸೇರುತ್ತದೆ. ಅರಿವಳಿಕೆ ಹಿಡಿಯುವ ಕೆಲವು ಬಾಗಿಲುಗಳನ್ನೇ ಅದೂ ಹಿಡಿಯುತ್ತದೆ. ಆದುದರಿಂದ ಕುಡಿದು ಬಂದವನಿಗೆ ಎಂದಿನ ಪ್ರಮಾಣವೂ ಹೆಚ್ಚಾಗಿ ಉಸಿರು ಕುಂದಬಹುದು. ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ದಿನವೂ ಕುಡಿಯುವವನ ಮಿದುಳಾದರೋ ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಅವನಿಗೆ ಹೆಚ್ಚು ಮದ್ದು ಬೇಕಾಗಬಹುದು. ಆಸ್ಪತ್ರೆಯಲ್ಲಿ ಕುಡಿತ ಒಮ್ಮೆಗೇ ನಿಂತಾಗ ನಡುಕ, ಸೆಳವು, ಭ್ರಮೆ ಬರಬಹುದು. ಮೊದಲೇ ತಿಳಿದರೆ ವೈದ್ಯರು ಇವೆಲ್ಲಕ್ಕೂ ಸಿದ್ಧರಾಗಿರುತ್ತಾರೆ.

ಕುಡಿಯುವವರನ್ನು ಹಳಿಯಲು ನಾವು ಇಲ್ಲಿ ನಿಂತಿಲ್ಲ. ಊರು ಬಿಟ್ಟು ಬಂದು ಒಂದೇ ಕೋಣೆಯಲ್ಲಿ ನಾಲ್ವರು ಬಾಳುವವರ ಕಷ್ಟ ನಮಗೂ ಗೊತ್ತು. ಬೇಡುವುದು ಇಷ್ಟೆ: ಶಸ್ತ್ರಕ್ರಿಯೆಗೆ ಮುಂಚೆ ವೈದ್ಯರು ಕೇಳಿದರೆ, ಎಷ್ಟು, ಎಂದಿನಿಂದ, ಕೊನೆಗೆ ಯಾವಾಗ ಎಂಬುದನ್ನು ನಿಜವಾಗಿ ಹೇಳಿರಿ. ಮನೆಯವರೆದುರು ಸಂಕೋಚವಾದರೆ ಒಂಟಿಯಾಗಿ ಮಾತಾಡಬೇಕೆಂದು ಕೇಳಿರಿ. ಜೊತೆಗೆ ಹೋದವರು ನಮ್ಮಂತೆ ಸುಮ್ಮನಿರಬೇಡಿರಿ. ಮಾನ ಹೋದರೆ ನಾಲ್ಕು ದಿನದಲ್ಲಿ ಮರಳೀತು, ಪ್ರಾಣ ಮರಳದು.