ಹೊಳೆಯ ದಂಡೆ ಯಾರದು?

ಕಾಡು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಮಲೆನಾಡಿನ ದಟ್ಟ ಮರಗಳು. ಬಳ್ಳಾರಿ ಜಿಲ್ಲೆಯವರಿಗೆ 'ನಿಮ್ಮಲ್ಲಿ ಕಾಡೆಲ್ಲಿದೆ?' ಎಂದು ಕೇಳುವವರು ಉಂಟು. ಇಲ್ಲಿಯ ಕಾಡು ಬೇರೆ ಬಗೆಯದು. ಬಂಡೆಗಳ ನಡುವೆ ಬೆಳೆದ ಕುರುಚಲು ಅದು, ಹುಲ್ಲಿನ ಬಯಲು ಅದು, ಹೊಳೆಯ ನಡುಗಡ್ಡೆಯ ಜೊಂಡೂ ಅದೇ. ಇಂತಹ ನೆಲ ಸಾರ್ವಜನಿಕರದು. ಎಲ್ಲರಿಗೂ ಸೇರಿದ್ದನ್ನು ಕಾಯುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ಒಂದು ಉದಾಹರಣೆಯನ್ನು ನೋಡೋಣ. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಕೊಪ್ಪಳ ತಾಲ್ಲೂಕಿನ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗೆ ನದಿ ಸುಮಾರು 34 ಕಿಲೋಮೀಟರು ಹರಿಯುತ್ತದೆ. ಒಂದು ದಂಡೆಯಲ್ಲಿ ಹಂಪಿ, ಇನ್ನೊಂದು ದಂಡೆಯಲ್ಲಿ ಆನೆಗೊಂದಿ. ಈ ಹರಿವನ್ನು 2015ರಲ್ಲಿ ರಾಜ್ಯ ಸರ್ಕಾರ 'ತುಂಗಭದ್ರಾ ನೀರುನಾಯಿ ಸಂರಕ್ಷಿತ ಮೀಸಲು ಪ್ರದೇಶ'ವೆಂದು ಘೋಷಿಸಿತು. ಬೆಟ್ಟವನ್ನೋ ಬಯಲನ್ನೋ ಕಾದಿರಿಸುವುದು ನಮಗೆ ಗೊತ್ತು. ಇಲ್ಲಿ ಕಾದಿರಿಸಿದ್ದು ಹರಿಯುವ ಹೊಳೆಯನ್ನು.

ನೀರುನಾಯಿಯನ್ನೇ ಆರಿಸಿಕೊಂಡದ್ದೇಕೆ? ಅದು ಮೀನು, ಏಡಿಗಳನ್ನು ತಿಂದು ಬದುಕುವ, ಕುಟುಂಬ ಕಟ್ಟಿಕೊಂಡು ಬಾಳುವ ಪ್ರಾಣಿ. ಮರಿ ಹಾಕಲು ಅದಕ್ಕೆ ಬಂಡೆಗಳ ಸಂದು ಬೇಕು, ಮೈ ಒಣಗಿಸಿಕೊಳ್ಳಲು ಮರಳಿನ ದಿಣ್ಣೆ ಬೇಕು, ಅಡಗಲು ದಂಡೆಯ ಗಿಡಗಂಟಿ ಬೇಕು, ಹೊಟ್ಟೆಗೆ ಮೀನು ಬೇಕು. ಇವುಗಳಲ್ಲಿ ಒಂದು ಹೋದರೂ ಅದು ಆ ಜಾಗವನ್ನು ಬಿಡುತ್ತದೆ. ಆದ್ದರಿಂದ ನೀರುನಾಯಿ ಇರುವ ಹೊಳೆಯಲ್ಲಿ ನೀರು, ಮರಳು, ಬಂಡೆ, ಮೀನು ಎಲ್ಲವೂ ಒಂದು ಮಟ್ಟಿಗಾದರೂ ಉಳಿದಿವೆ ಎಂದು ತಿಳಿಯಬಹುದು. ಅದೇ ಹೊಳೆಯಲ್ಲಿ ಮೊಸಳೆ, ಆಮೆ, ನೀರುಹಕ್ಕಿಗಳೂ ಬಾಳುತ್ತವೆ. ನಮ್ಮ ಹೊಳೆಯಲ್ಲಿರುವ ನುಣುಪು ಕೂದಲಿನ ಈ ಜಾತಿಯನ್ನು ಜಗತ್ತಿನಲ್ಲೇ ಅಪಾಯಕ್ಕೆ ಒಳಗಾದ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. 2019ರಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ಒಪ್ಪಿದವು.

ಇನ್ನು ಕಾನೂನಿನ ಮಾತು. ಮೀಸಲು ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಂಬ ಹೆಸರುಗಳನ್ನು ನೀವು ಕೇಳಿದ್ದೀರಿ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹೀಗಾಗಿ ಇಲ್ಲಿಯ ಹಳೆಯ ಮೀಸಲು ಅರಣ್ಯಗಳ ಬೇರು 1882ರ ಮದ್ರಾಸ್ ಅರಣ್ಯ ಕಾಯಿದೆಯಲ್ಲಿದೆ. ಅಭಯಾರಣ್ಯಕ್ಕೆ ಹತ್ತಿರದ ಉದಾಹರಣೆ 1994ರಲ್ಲಿ ಸ್ಥಾಪಿತವಾದ ದರೋಜಿ ಕರಡಿಧಾಮ. ಸಂರಕ್ಷಿತ ಮೀಸಲು ಪ್ರದೇಶವೆಂಬುದು ಇವೆಲ್ಲಕ್ಕಿಂತ ಹೊಸದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಇದು ಹುಟ್ಟಿತು. ಸರ್ಕಾರದ ಒಡೆತನದ ಜಾಗವನ್ನು, ವಿಶೇಷವಾಗಿ ಒಂದು ಕಾಡಿಗೂ ಇನ್ನೊಂದು ಕಾಡಿಗೂ ಕೊಂಡಿಯಾಗಿರುವ ಜಾಗವನ್ನು, ಸ್ಥಳೀಯ ಜನರೊಡನೆ ಸಮಾಲೋಚಿಸಿದ ಮೇಲೆ ಹೀಗೆ ಘೋಷಿಸಬಹುದು. ಇಲ್ಲಿ ಬೆಂಕಿ ಹಚ್ಚುವಂತಿಲ್ಲ. ಪ್ರಾಣಿಗಳಿಗೆ ಅಪಾಯ ತರುವ ಸಿಡಿಮದ್ದು, ರಾಸಾಯನಿಕಗಳನ್ನು ಬಳಸುವಂತಿಲ್ಲ. ಸಲಹೆ ನೀಡಲು ಒಂದು ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯವರ ಜೊತೆಗೆ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿಗಳಿಗಾಗಿ ದುಡಿಯುವ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು ಇರಬೇಕೆಂದು ಕಾಯಿದೆ ಹೇಳುತ್ತದೆ.

ಪಂಚಾಯಿತಿಯವರಿಗೆ ಸ್ಥಾನ ಕೊಟ್ಟ ಕಾರಣವನ್ನು ಗಮನಿಸಿ. ಹೊಳೆಯ ದಂಡೆ ಖಾಲಿ ಜಾಗವಲ್ಲ. ಅಲ್ಲಿ ಬೆಸ್ತರು ಬಲೆ ಬೀಸುತ್ತಾರೆ, ಅಂಬಿಗರು ಹರಿಗೋಲು ಹಾಕುತ್ತಾರೆ, ದನ ಕಾಯುವವರು ದನಗಳಿಗೆ ನೀರು ಕುಡಿಸುತ್ತಾರೆ. ನೀರುನಾಯಿ ಬಲೆ ಹರಿದು ಮೀನು ತಿಂದರೆ ನಷ್ಟವಾಗುವುದು ದೂರದ ಊರಿನಲ್ಲಿ ಕುಳಿತು ಅದನ್ನು ಮೆಚ್ಚುವ ನಮಗಲ್ಲ, ಆ ದಿನದ ಗಂಜಿಗಾಗಿ ಬಲೆ ಹಾಕಿದವನಿಗೆ. ಈ ಮಾತನ್ನು ಮರೆತು ಮಾಡಿದ ರಕ್ಷಣೆ ಹೆಚ್ಚು ದಿನ ಬಾಳುವುದಿಲ್ಲ. ಆದರೆ ಇನ್ನೊಂದು ಮುಖವೂ ಇದೆ. ಸಿಡಿಮದ್ದು ಹಾಕಿ ಮೀನು ಹಿಡಿಯುವವನು ದೊಡ್ಡ ಮೀನಿನ ಜೊತೆಗೆ ಮರಿ, ಮೊಟ್ಟೆಗಳನ್ನೂ ಕೊಲ್ಲುತ್ತಾನೆ. ಅವನಿಂದ ಮೊದಲು ಕೆಡುವುದು ಬಲೆ ಹಾಕಿ ಬದುಕುವ ಬೆಸ್ತನ ಬಾಳು. ಹಾಗಾಗಿ ಸಿಡಿಮದ್ದಿನ ವಿಷಯದಲ್ಲಿ ಬೆಸ್ತನೂ ನೀರುನಾಯಿಯೂ ಒಂದೇ ಪಕ್ಷದವರು.

ಮರಳಿನ ಮಾತೂ ಹಾಗೆಯೇ. ಹೊಳೆಯ ಮರಳು ಕಟ್ಟಡಕ್ಕೆ ಬೇಕು, ನಿಜ. ಆದರೆ ಮರಳಿನ ಹಾಸು ನೀರನ್ನು ಹಿಡಿದಿಟ್ಟುಕೊಂಡು ದಂಡೆಯ ಬಾವಿಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಆಮೆಗಳು ಮೊಟ್ಟೆಯಿಡುವುದೂ ಅದರಲ್ಲೇ. ಹದ ಮೀರಿ ಮರಳು ತೆಗೆದಲ್ಲಿ ಹೊಳೆಯ ತಳ ಕುಸಿಯುತ್ತದೆ, ದಂಡೆ ಕೊಚ್ಚುತ್ತದೆ, ಬಾವಿಯ ನೀರು ಇಳಿಯುತ್ತದೆ.

ಹಾಗಾದರೆ ಒಂದು ಹೊಳೆಗೆ ಎಷ್ಟು ಮಂದಿ ಯಜಮಾನರು? ನೀರನ್ನು ಬಿಡುವವರು ತುಂಗಭದ್ರಾ ಮಂಡಳಿಯವರು. ಮೀನು ಮೀನುಗಾರಿಕೆ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ಮರಳನ್ನು ನೋಡಿಕೊಳ್ಳುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ದಂಡೆಯ ಎಷ್ಟೋ ನೆಲ ಕಂದಾಯ ಇಲಾಖೆಯ ಪುಸ್ತಕದಲ್ಲಿದೆ. ಹಂಪಿಯ ಸ್ಮಾರಕಗಳು ಪುರಾತತ್ತ್ವ ಇಲಾಖೆಯ ಸುಪರ್ದಿನಲ್ಲಿವೆ. ಇವರ ನಡುವೆ ನೀರುನಾಯಿಯನ್ನು ಕಾಯುವ ಕೆಲಸ ಅರಣ್ಯ ರಕ್ಷಕನದು. ಇವರೆಲ್ಲ ಒಂದು ಮೇಜಿನ ಸುತ್ತ ಕುಳಿತು ಮಾತನಾಡದಿದ್ದರೆ ರಾಜ್ಯಪತ್ರದಲ್ಲಿ ಅಚ್ಚಾದ ಘೋಷಣೆ ಕಾಗದದಲ್ಲೇ ಉಳಿಯುತ್ತದೆ. ಸಾರ್ವಜನಿಕ ನೆಲದ ನಿರ್ವಹಣೆಯಲ್ಲಿ ಅತ್ಯಂತ ಕಷ್ಟದ ಕೆಲಸ ಇದು.

ಎರಡನೆಯ ಕಷ್ಟ ಗಡಿಯದು. ಗಡಿಕಲ್ಲು ಇಲ್ಲದ ಕಾಡು ಬೇಲಿಯಿಲ್ಲದ ಹೊಲದಂತೆ. ಇದರ ಪಾಠವನ್ನು ಬಳ್ಳಾರಿ ಜಿಲ್ಲೆ ದುಬಾರಿ ಬೆಲೆ ತೆತ್ತು ಕಲಿತಿದೆ. ಕಬ್ಬಿಣದ ಅದಿರಿನ ಗಣಿಗಾರಿಕೆ ಮಿತಿ ಮೀರಿದ ವರ್ಷಗಳಲ್ಲಿ ಗುತ್ತಿಗೆಯ ಎಲ್ಲೆ ದಾಟಿ ಮೀಸಲು ಅರಣ್ಯವನ್ನು ಅಗೆಯಲಾಯಿತು. ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿಯ ಗುರುತುಗಳೇ ಅಳಿಸಿಹೋದವು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಸಲ್ಲಿಕೆಯಾಯಿತು. ಅದೇ ತಿಂಗಳು 29ರಂದು ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಮೊದಲು ಮಾಡಬೇಕಾದ ಕೆಲಸವೆಂದರೆ ಸರ್ವೆ, ಅಂದರೆ ಯಾವುದು ಯಾರ ನೆಲ ಎಂದು ಅಳೆಯುವುದು. ಮುಂಚೆಯೇ ಅಳೆದು ಕಲ್ಲು ನೆಟ್ಟು ಕಾದಿದ್ದರೆ ಬೆಟ್ಟಗಳು ಉಳಿಯುತ್ತಿದ್ದವು.

ಬೆಟ್ಟ ಬೋಳಾದರೆ ಹೊಳೆಗೇನು ಎಂದು ಕೇಳುವಿರಾ? ತುಂಗಭದ್ರಾ ಜಲಾಶಯವನ್ನೇ ನೋಡಿ. ಮೊದಲು ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಈಗ ಸುಮಾರು 105. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಉಳಿದ ಜಾಗವನ್ನು ತುಂಬಿದ್ದು ಹೂಳು. ಮಳೆಯ ಏಟನ್ನು ತಡೆಯಲು ಗಿಡವೂ ಹುಲ್ಲೂ ಇಲ್ಲದ ನೆಲದಿಂದ ಮಣ್ಣು ತೊಳೆದು ಬರುತ್ತದೆ. ಜಲಾನಯನದ ಕಾಡನ್ನು ಕಾಯುವುದೆಂದರೆ ಸಿರುಗುಪ್ಪದ ಭತ್ತದ ಗದ್ದೆಯ ನೀರನ್ನು ಕಾಯುವುದೆಂದೇ ಅರ್ಥ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಕೆಳಗಿನ ಊರುಗಳಿಗೆ ಎಚ್ಚರಿಕೆ ಹೋಯಿತು. ಹೊಳೆಗೆ ಹರಡಿಕೊಳ್ಳಲು ಜಾಗ ಬೇಕು ಎಂಬುದನ್ನು ಇಂತಹ ದಿನಗಳು ನೆನಪಿಸುತ್ತವೆ. ಪ್ರವಾಹ ಬರದ ವರ್ಷಗಳಲ್ಲಿ ನಾವು ದಂಡೆಯನ್ನು ಉತ್ತು, ಕಟ್ಟಿ, ನಮ್ಮದೆಂದು ಭಾವಿಸುತ್ತೇವೆ. ಹೊಳೆ ಮಾತ್ರ ತನ್ನ ದಾರಿಯನ್ನು ಮರೆಯುವುದಿಲ್ಲ.

ಈಗ ಕಂಪ್ಲಿಯ ಸೇತುವೆಗೆ ಬರೋಣ. ಸಂರಕ್ಷಿತ ಪ್ರದೇಶ ಅಲ್ಲಿಗೆ ಮುಗಿಯುತ್ತದೆ, ಹೊಳೆ ಮುಗಿಯುವುದಿಲ್ಲ. ಅದು ಮುಂದೆ ಸಿರುಗುಪ್ಪದ ಕಡೆಗೆ ಹರಿಯುತ್ತದೆ. ನಾವು ಹಗರಿ ಎಂದು ಕರೆಯುವ ವೇದಾವತಿಯೂ ಮೋಕಾದ ಬಳಿ ಹಾದು ಬಂದು ಆ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ನೀರುನಾಯಿಗೆ ಫಲಕ ಓದಲು ಬಾರದು. ಸೇತುವೆಯ ಆಚೆ ಹೋಗಬಾರದೆಂದು ಅದಕ್ಕೆ ಹೇಳುವವರಾರು? ಮೇಲೆ 34 ಕಿಲೋಮೀಟರು ಕಾದು ಕೆಳಗೆ ಕೈಬಿಟ್ಟರೆ ಕೊಂಡಿ ಕಡಿಯುತ್ತದೆ. ಕೆಳಗಿನ ಹರಿವಿನಲ್ಲಿ ಎಲ್ಲವನ್ನೂ ಮುಚ್ಚಿ ಬೀಗ ಹಾಕಬೇಕೆಂದಲ್ಲ. ದಂಡೆಯ ಸರ್ಕಾರಿ ನೆಲವನ್ನು ಅಳೆದು ಗುರುತಿಸುವುದು, ಒಂದಷ್ಟು ಅಗಲಕ್ಕೆ ಗಿಡ ಹುಲ್ಲು ಬೆಳೆಯಗೊಡುವುದು, ಗದ್ದೆಯ ಕೀಟನಾಶಕ ನೇರವಾಗಿ ಹೊಳೆಗಿಳಿಯದಂತೆ ತಡೆಯುವುದು, ಇಷ್ಟಾದರೂ ಆಗಬೇಕು.

ಸಿರುಗುಪ್ಪದ ಎರೆ ಹೊಲಗಳ ಸೀಮೆ ಇನ್ನೊಂದು ಪಾಠ ಹೇಳುತ್ತದೆ. ದೇಶದಲ್ಲೇ ಅಳಿವಿನ ಅಂಚಿಗೆ ಬಂದಿರುವ ಎರೆಭೂತವೆಂಬ ದೊಡ್ಡ ಹಕ್ಕಿ ಕರ್ನಾಟಕದಲ್ಲಿ ಇತ್ತೀಚಿನ ದಶಕಗಳಲ್ಲಿ ಕಾಣಿಸಿಕೊಂಡದ್ದು ಇಲ್ಲಿ. ಅದಕ್ಕೆ ಬೇಕಾದದ್ದು ಮರವಲ್ಲ, ಬಯಲು. ನಾವು ಬಂಜರು ಎಂದು ಬರೆದಿಟ್ಟ ನೆಲ ಅದಕ್ಕೆ ಮನೆ. ಅಲ್ಲಿ ಸಾಲುಸಾಲಾಗಿ ಗಿಡ ನೆಟ್ಟರೆ ಉಪಕಾರವಾಗುವುದಿಲ್ಲ, ಅಪಕಾರವಾಗುತ್ತದೆ. ಕಾಯುವ ಮೊದಲು ಆ ನೆಲದ ಗುಣವನ್ನು ತಿಳಿಯಬೇಕು.

ವಿದ್ಯಾರ್ಥಿಗಳಾದ ನೀವು ಮಾಡಬಹುದಾದ ಕೆಲಸವಿದೆ. ಕುರುಗೋಡಿನ ಬೆಟ್ಟವಾಗಲಿ, ಬಳ್ಳಾರಿಯ ಹತ್ತಿರದ ಹಳ್ಳವಾಗಲಿ, ಒಂದು ಜಾಗವನ್ನು ಆರಿಸಿಕೊಳ್ಳಿ. ಉಪಾಧ್ಯಾಯರೊಡನೆ ಹೋಗಿ ಗ್ರಾಮನಕ್ಷೆಯಲ್ಲಿ ಅದರ ಗಡಿ ನೋಡಿ. ಅಲ್ಲಿಯ ಗಿಡ, ಹಕ್ಕಿಗಳನ್ನು ತಿಂಗಳಿಗೊಮ್ಮೆ ಬರೆದಿಡಿ. ದನ ಕಾಯುವ ಅಜ್ಜನನ್ನು, ಮೀನು ಹಿಡಿಯುವ ಅಣ್ಣನನ್ನು ಕೇಳಿ: ಮೊದಲು ಏನಿತ್ತು, ಈಗ ಏನಿಲ್ಲ? ಹತ್ತು ವರ್ಷ ಬರೆದರೆ ಅದೇ ಒಂದು ದಾಖಲೆಯಾಗುತ್ತದೆ. ಕಾಡು, ಸರೋವರ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ನಮ್ಮ ಸಂವಿಧಾನದ 51-ಎ ವಿಧಿ ಹೇಳುತ್ತದೆ. ಹೊಳೆಯ ದಂಡೆ ಯಾರದು ಎಂದು ಯಾರಾದರೂ ಕೇಳಿದರೆ, ಆ ದಾಖಲೆಯನ್ನು ಕೈಯಲ್ಲಿ ಹಿಡಿದು 'ನಮ್ಮೆಲ್ಲರದು' ಎಂದು ಹೇಳಿ. ಆಗ ಆ ಮಾತಿಗೆ ತೂಕವಿರುತ್ತದೆ.