ಮಾಗಿಯ ಚಳಿಗೆ ಸಜ್ಜಿ ರೊಟ್ಟಿ, ಎಳ್ಳು ಹೋಳಿಗೆ



ಗದಗ ಸೀಮೆಯ ಚಳಿ ಕಾಶ್ಮೀರದ ಚಳಿಯಲ್ಲ. ಇಲ್ಲಿ ಹಿಮ ಬೀಳುವುದಿಲ್ಲ, ಕೆರೆಯ ನೀರು ಹೆಪ್ಪುಗಟ್ಟುವುದಿಲ್ಲ. ಆದರೆ ಮಾರ್ಗಶಿರ ಮಾಸ ಕಾಲಿಟ್ಟಿತೆಂದರೆ ಮೂಡಣದಿಂದ ಬೀಸುವ ಒಣಗಾಳಿಗೆ ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ. ಎರೆಯ ಬಯಲಿನಲ್ಲಿ ಗಾಳಿಗೆ ಅಡ್ಡ ನಿಲ್ಲುವ ಮರಗಳೂ ಕಡಿಮೆ. ಹಿರೇಹಂದಿಗೋಳದಂಥ ಊರುಗಳಲ್ಲಿ ನಸುಕಿನಲ್ಲಿ ಹೊಲಕ್ಕೆ ಹೊರಟವರ ತಲೆಯ ಮೇಲೆ ಕಂಬಳಿ ಏರುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಅಲ್ಲಿಯವರೆಗೆ ಮೈ ಬೆಚ್ಚಗಿಡುವ ಕೆಲಸದಲ್ಲಿ ಅರ್ಧ ಕೌದಿಯದು, ಇನ್ನರ್ಧ ಒಲೆಯದು.

ಆ ಒಲೆಯ ಮೇಲೆ ಚಳಿಗಾಲದಲ್ಲಿ ಏರುವ ಅಡಿಗೆ ಬೇಸಿಗೆಯದಕ್ಕಿಂತ ಬೇರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಹುರಳಿ ಕಟ್ಟಿನ ಸಾರು. ಇವು ಚಳಿಗಾಲಕ್ಕೇ ಯಾಕೆ? ಬರೀ ಸಂಪ್ರದಾಯವೋ, ಅದರ ಹಿಂದೆ ಲೆಕ್ಕಾಚಾರವೂ ಇದೆಯೋ?

ಹೊಲದ ಲೆಕ್ಕ

ಮೊದಲ ಉತ್ತರ ಹೊಲದಲ್ಲಿದೆ. ಗದಗ ತಾಲ್ಲೂಕಿನ ಬಹುಭಾಗ ಎರೆ ಭೂಮಿ. ಅಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ, ಕುಸುಬೆ. ಕಪ್ಪತಗುಡ್ಡದ ಆಚೀಚೆ, ಮುಂಡರಗಿ-ಶಿರಹಟ್ಟಿಗಳ ಕಡೆಗೆ ಮಸಾರಿ ಹೊಲಗಳು ಸಿಗುತ್ತವೆ. ಸಜ್ಜೆಗೆ ಆ ಮಣ್ಣೇ ಸಾಕು. ಸಜ್ಜೆ, ಎಳ್ಳು, ಗುರೆಳ್ಳು ಮೂರೂ ಮುಂಗಾರಿ ಪೈರುಗಳು. ದಸರೆ-ದೀಪಾವಳಿಯ ಹೊತ್ತಿಗೆ ರಾಶಿಯಾಗಿ ಚೀಲ ಸೇರುತ್ತವೆ. ಅಂದರೆ ಚಳಿ ಶುರುವಾಗುವಾಗ ಮನೆಯಲ್ಲಿ ಇರುವುದೇ ಹೊಸ ಸಜ್ಜೆ, ಹೊಸ ಎಳ್ಳು. ಬಿಳಿಜೋಳ ಇನ್ನೂ ಹೊಲದಲ್ಲಿ ನಿಂತಿರುತ್ತದೆ.

ಎರಡನೆಯ ಉತ್ತರ ಕಾಳಿನೊಳಗಿದೆ. 100 ಗ್ರಾಂ ಅಕ್ಕಿಯಲ್ಲಿರುವ ಕೊಬ್ಬು ಸುಮಾರು ಅರ್ಧ ಗ್ರಾಂ. ಜೋಳದಲ್ಲಿ ಅದು 2 ಗ್ರಾಂ ಒಳಗೆ. ಸಜ್ಜೆಯಲ್ಲಿ ಮಾತ್ರ ಸುಮಾರು 5 ಗ್ರಾಂ. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಒಂದು ಗ್ರಾಂ ಹಿಟ್ಟಿನಿಂದ ದೇಹಕ್ಕೆ 4 ಕ್ಯಾಲೊರಿ ಶಕ್ತಿ ಸಿಕ್ಕರೆ ಒಂದು ಗ್ರಾಂ ಕೊಬ್ಬಿನಿಂದ 9 ಸಿಗುತ್ತದೆ. ಸಜ್ಜಿ ಉಷ್ಣ, ಎಳ್ಳು ಉಷ್ಣ ಎಂದು ಅಜ್ಜಿಯರು ಹೇಳುವ ಮಾತಿಗೂ ಈ ಲೆಕ್ಕಕ್ಕೂ ಅಂಥ ದೂರವಿಲ್ಲ.

ಇದೇ ಕೊಬ್ಬು ಸಜ್ಜೆಯ ತೊಡಕೂ ಹೌದು. ಬೀಸಿದ ಸಜ್ಜಿ ಹಿಟ್ಟು ಕೆಲವೇ ದಿನಗಳಲ್ಲಿ ಕಮಟು ಹಿಡಿದು ಕಹಿಯಾಗುತ್ತದೆ. ಕಾಳು ಒಡೆದಾಗ ಅದರ ಕಿಣ್ವಗಳು ಕೊಬ್ಬನ್ನು ಒಡೆಯಲು ತೊಡಗುವುದೇ ಇದಕ್ಕೆ ಕಾರಣ. ಸೆಕೆ ಹೆಚ್ಚಿದಷ್ಟೂ ಆ ಕೆಲಸ ಬೇಗ, ಚಳಿಯಲ್ಲಿ ನಿಧಾನ. ಸಜ್ಜೆಯನ್ನು ಚಳಿಗಾಲಕ್ಕೆ ಕಟ್ಟಿಕೊಟ್ಟವರು ಈ ವಿಜ್ಞಾನವನ್ನು ಓದಿರಲಿಲ್ಲ. ಹಿಟ್ಟು ಮೂಸಿ ನೋಡಿ ತಿಳಿದುಕೊಂಡಿದ್ದರು.

ರೊಟ್ಟಿ ಬಡಿಯುವ ಬಗೆ

ಎರಡು ಬಟ್ಟಲು ಸಜ್ಜಿ ಹಿಟ್ಟಿಗೆ ಒಂದು ಬಟ್ಟಲಿಗೆ ತುಸು ಹೆಚ್ಚು ನೀರು, ಚಿಟಿಕೆ ಉಪ್ಪು. ಹಿಟ್ಟು ಆ ವಾರದಲ್ಲೇ ಬೀಸಿದ್ದಾಗಿರಲಿ. ನೀರನ್ನು ಕೊತಕೊತ ಕುದಿಸಿ, ಪರಾತದಲ್ಲಿಟ್ಟ ಹಿಟ್ಟಿನ ನಡುವೆ ಗುಣಿ ಮಾಡಿ ಸುರಿಯಬೇಕು. ಸೌಟಿನಿಂದ ಕಲಸಿ ಎರಡು ನಿಮಿಷ ಮುಚ್ಚಿಡಬೇಕು. ಈ ಬಿಸಿನೀರೇ ರೊಟ್ಟಿಯ ಗುಟ್ಟು. ಗೋದಿ ಹಿಟ್ಟಿನಲ್ಲಿ ಜಿಗುಟು ಸ್ವಭಾವದ ಅಂಟು ಇದೆ, ತಣ್ಣೀರಿನಲ್ಲಿ ನಾದಿದರೂ ಹಿಗ್ಗುತ್ತದೆ. ಸಜ್ಜೆ, ಜೋಳಗಳಲ್ಲಿ ಅದಿಲ್ಲ. ಕುದಿನೀರಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಆಗಲೇ ರೊಟ್ಟಿ ಹರಿಯದೆ ಬರುತ್ತದೆ.

ಕೈಗೆ ತಾಳುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಿ ಉಂಡೆ ಮಾಡಿ, ಒಣಹಿಟ್ಟು ಉದುರಿಸಿ ತಟ್ಟಬೇಕು. ಅರ್ಧ ತಟ್ಟಿದ ಮೇಲೆ ಎಳ್ಳು ಉದುರಿಸಿ ಮತ್ತೆ ತಟ್ಟಿದರೆ ಅದು ರೊಟ್ಟಿಯಲ್ಲಿ ಕಚ್ಚಿಕೊಳ್ಳುತ್ತದೆ. ಎಳ್ಳಿನ ಮುಖ ಮೇಲೆ ಬರುವಂತೆ ಕಾದ ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ನೀರು ಆರಿದೊಡನೆ ಮಗುಚಿ, ಕಡೆಗೆ ಕೆಂಡಕ್ಕೋ ಉರಿಗೋ ಒಡ್ಡಿದರೆ ಪುರಿಯಂತೆ ಉಬ್ಬುತ್ತದೆ. ಒಲೆಯ ಪಕ್ಕ ನಿಲ್ಲಿಸಿ ಒಣಗಿಸಿದರೆ ಕಡಕ್ ರೊಟ್ಟಿ. ನೀರಿನ ಪಸೆ ಇರದ ಕಾರಣ ಅದು ವಾರಗಟ್ಟಲೆ ಕೆಡುವುದಿಲ್ಲ. ಗೋವೆ, ಮಂಗಳೂರಿನ ಕಡೆಗೆ ಗುಳೆ ಹೋಗುವವರ ಗಂಟಿನಲ್ಲಿ ಇದೇ ಮೊದಲ ಬುತ್ತಿ.

ಎರಡು ಹಿಂಡಿ, ಒಂದು ಸಾರು

ರೊಟ್ಟಿಗೆ ಜೊತೆ ಬೇಕಲ್ಲ. ಒಂದು ಬಟ್ಟಲು ಗುರೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿಯಿರಿ. ಆರಿದ ಮೇಲೆ ಎಂಟು ಒಣಮೆಣಸಿನಕಾಯಿ, ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಕರಿಬೇವು, ತುಸು ಹುಣಸೆಹಣ್ಣು, ಉಪ್ಪು ಸೇರಿಸಿ ಕುಟ್ಟಿರಿ. ತೀರ ನುಣ್ಣಗಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ತರಿಯಾಗಿರಲಿ. ಅಗಸಿಯದೂ ಇದೇ ಬಗೆ. ಅಗಸಿಯನ್ನು ಇಡಿಯಾಗಿ ತಿಂದರೆ ಸಿಪ್ಪೆ ಜೀರ್ಣವಾಗದೆ ಹಾಗೆಯೇ ಹೊರಬೀಳುತ್ತದೆ. ಕುಟ್ಟಿದರೆ ಮಾತ್ರ ಅದರ ಎಣ್ಣೆಯ ಪ್ರಯೋಜನ ಮೈಗೆ. ಮೀನು ತಿನ್ನದ ಮನೆಗಳಿಗೆ ಒಮೆಗಾ-3 ಕೊಬ್ಬು ಸಿಗುವ ಕೆಲವೇ ದಾರಿಗಳಲ್ಲಿ ಅಗಸಿ ಒಂದು.

ಸಂಜೆಯ ಚಳಿಗೆ ಹುರಳಿ ಕಟ್ಟಿನ ಸಾರು. ರಾತ್ರಿ ನೆನೆಹಾಕಿದ ಹುರಳಿಯನ್ನು ಬೇಯಿಸಿ ಕಟ್ಟು ಬಸಿದುಕೊಳ್ಳಬೇಕು. ಬೆಂದ ಕಾಳಿನಲ್ಲಿ ಒಂದು ಹಿಡಿ ಅರೆದು ಕಟ್ಟಿಗೆ ಬೆರೆಸಿ, ಕರಿಮೆಣಸು, ಜೀರಿಗೆ, ಹುಣಸೆರಸ, ಉಪ್ಪು ಹಾಕಿ ಕುದಿಸಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಆಯಿತು. ಉಳಿದ ಕಾಳು ಪಲ್ಯಕ್ಕೆ.

ಎಳ್ಳ ಅಮಾವಾಸ್ಯೆಯ ಬುತ್ತಿ

ಚಳಿಗಾಲದ ಈ ಅಡಿಗೆಯೆಲ್ಲ ಒಂದೇ ಬುಟ್ಟಿಗೆ ಸೇರುವ ದಿನ ಎಳ್ಳ ಅಮಾವಾಸ್ಯೆ. ಮಾರ್ಗಶಿರದ ಕೊನೆಗೆ, ಡಿಸೆಂಬರಿನಲ್ಲೋ ಜನವರಿಯಲ್ಲೋ ಬರುತ್ತದೆ. ಚಕ್ಕಡಿ ಕಟ್ಟಿ, ಈಗೀಗ ಟ್ರ್ಯಾಕ್ಟರ್ ಹೂಡಿ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಪೂಜೆ ಮಾಡಿ ಚರಗ ಚೆಲ್ಲುತ್ತಾರೆ. ಆಮೇಲೆ ಬದುವಿನ ಮೇಲೆ ಕುಳಿತು ಊಟ: ಸಜ್ಜಿ ರೊಟ್ಟಿ, ಕಡುಬು, ಬದನೆಯ ಎಣ್ಣೆಗಾಯಿ, ಪುಂಡಿಪಲ್ಯ, ಹಿಂಡಿಗಳು, ಮೊಸರುಬುತ್ತಿ, ಎಳ್ಳು ಹೋಳಿಗೆ.

ಎಳ್ಳು ಹೋಳಿಗೆಗೆ ಒಂದು ಬಟ್ಟಲು ಬಿಳಿ ಎಳ್ಳನ್ನು ಬಣ್ಣ ಕೆಡದಂತೆ ಹುರಿದು ಪುಡಿ ಮಾಡಿ, ಅಷ್ಟೇ ತುರಿದ ಬೆಲ್ಲ, ಎರಡು ಚಮಚ ಪುಟಾಣಿ ಹಿಟ್ಟು, ಏಲಕ್ಕಿ ಸೇರಿಸಿ ಮತ್ತೊಮ್ಮೆ ಕುಟ್ಟಿದರೆ ಹೂರಣ ಸಿದ್ಧ. ಗೋದಿ ಹಿಟ್ಟು, ಸಣ್ಣ ರವೆ, ತುಸು ಎಣ್ಣೆ ಹಾಕಿ ನಾದಿದ ಕಣಕದಲ್ಲಿ ಅದನ್ನು ತುಂಬಿ ತೆಳ್ಳಗೆ ಲಟ್ಟಿಸಿ ಬೇಯಿಸುವುದು. ಬೇಳೆ ಹೋಳಿಗೆ ಮರುದಿನಕ್ಕೇ ಹಳಸುತ್ತದೆ. ಇದು ವಾರ ಕಳೆದರೂ ಇರುತ್ತದೆ. ಹೂರಣಕ್ಕೆ ಹನಿ ನೀರೂ ಸೋಕಿಲ್ಲವೆಂಬುದೇ ಕಾರಣ. ಎಳ್ಳಿನ ಬದಲು ಶೇಂಗಾ ಹಾಕಿದರೆ ಶೇಂಗಾ ಹೋಳಿಗೆ.

ಸಂಕ್ರಾಂತಿಯ ಮುಂಚಿನ ಭೋಗಿಗೆ ಮತ್ತೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೇ. ಅದಾದ ಮೇಲೆ ಹೊಲದ ಸರದಿ: ಹಸಿ ಕಡಲೆಯ ಸುಲಗಾಯಿ, ಕುಳ್ಳಿನ ಕೆಂಡದಲ್ಲಿ ಸುಟ್ಟು ಉಜ್ಜಿದ ಎಳೆಜೋಳದ ಸೀತನಿ.

ಯಾವುದು ಹಳೆಯದು, ಯಾವುದು ಹೊಸದು?

ಈ ಬುತ್ತಿಯಲ್ಲಿರುವುದೆಲ್ಲ ಈ ನೆಲದ್ದೇ ಎಂದು ತಿಳಿಯುವವರುಂಟು. ಸಜ್ಜೆ, ಜೋಳ ಎರಡರ ತವರೂ ಆಫ್ರಿಕಾ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಭಾರತಕ್ಕೆ ಬಂದವು. ಮೆಣಸಿನಕಾಯಿ, ಶೇಂಗಾ ಅಮೆರಿಕ ಖಂಡದವು. ಮೆಣಸಿನಕಾಯಿ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದಿತು. ಹೆಸರೇ ಸಾಕ್ಷಿ: ಮೊದಲಿಂದ ಖಾರ ಕೊಡುತ್ತಿದ್ದ ಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಇಟ್ಟರು. ಎಳ್ಳು ಮಾತ್ರ ಈ ಉಪಖಂಡದ್ದೇ ಬೆಳೆ, ಹರಪ್ಪದ ಅಗೆತದಲ್ಲೂ ಸಿಕ್ಕಿದೆ. ಎಳ್ಳಿನ ನೆಯ್ ಎಂಬುದೇ ಎಣ್ಣೆ ಆಯಿತೆಂದು ಭಾಷಾತಜ್ಞರು ಹೇಳುತ್ತಾರೆ. ಇಂದು ಸೂರ್ಯಕಾಂತಿಯದನ್ನೂ ಎಣ್ಣೆ ಎನ್ನುವಾಗ ಬಾಯಲ್ಲಿ ಬರುವುದು ಎಳ್ಳಿನ ಹೆಸರೇ.

ಅಡಿಗೆಯನ್ನು ಬರೆದಿಟ್ಟವರೂ ಕನ್ನಡ ನಾಡಿನಲ್ಲಿದ್ದರು. 11ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡಿಗೆಯ ಭಾಗವಿದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಭೋಜನವನ್ನು ವಿವರಿಸಿದ. 16ನೆಯ ಶತಮಾನದ ಮೊದಲಿಗೆ ಮಂಗರಸ 'ಸೂಪಶಾಸ್ತ್ರ' ಬರೆದ. ಬರೆದವರು ಗಂಡಸರು. ದಿನದಿನದ ರೊಟ್ಟಿಯ ಶಾಸ್ತ್ರ ಮಾತ್ರ ಹೆಂಗಸರ ಕೈಯಿಂದ ಕೈಗೆ ದಾಟಿಬಂತು. ಒಂದು ಕೈ ಕಲಿಸದೆ ಹೋದರೆ ಅಲ್ಲಿಗೆ ಕಡಿಯುತ್ತದೆ.

ಬಡಿದವಳ ತಟ್ಟೆ

ಇಲ್ಲಿಯೇ ಯೋಚಿಸಬೇಕಾದ ಮಾತಿದೆ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ನಗರದ ಹೋಟೆಲಿನಲ್ಲಿ ಸಜ್ಜಿ ರೊಟ್ಟಿಗೆ ಮಾನ ಬಂತು. ಹೊಲದಲ್ಲಿ ಮಾತ್ರ ಹತ್ತಿ, ಗೋವಿನಜೋಳ, ಉಳ್ಳಾಗಡ್ಡಿಗಳ ನಡುವೆ ಸಜ್ಜೆಗೆ ಜಾಗ ಕಿರಿದಾಗಿದೆ.

ಇನ್ನೂ ಗಂಭೀರವಾದದ್ದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿ ರಕ್ತಹೀನರು. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣವಿದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಕಾಳಿನ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ, ನಿಜ. ಅದನ್ನು ಹತ್ತಿಸುವುದು ಹಸಿ ಸೊಪ್ಪು, ನಿಂಬೆಹಣ್ಣುಗಳಲ್ಲಿರುವ ಸಿ ಜೀವಸತ್ವ. ರೊಟ್ಟಿಯ ಜೊತೆ ಹಕ್ಕರಕಿ, ಮೂಲಂಗಿ, ಹಸಿ ಉಳ್ಳಾಗಡ್ಡಿ ಕಚ್ಚುವ ರೂಢಿಗೆ ಇಂಥ ಅರ್ಥವೂ ಇದೆ. ರಕ್ತ ತೀರ ಕಡಿಮೆಯಾದವರಿಗೆ ರೊಟ್ಟಿಯೊಂದೇ ಸಾಲದು, ಆಸ್ಪತ್ರೆಯ ಗುಳಿಗೆಯೂ ಬೇಕು.

ಆದರೆ ಬಹಳ ಮನೆಗಳಲ್ಲಿ ಕಡೆಗೆ ಉಣ್ಣುವವಳು ರೊಟ್ಟಿ ಬಡಿದವಳೇ. ಬಿಸಿರೊಟ್ಟಿ, ಸೊಪ್ಪು, ಬೆಣ್ಣೆ ಎಲ್ಲರ ತಟ್ಟೆಗೂ ಹೋಗಿ, ಅವಳಿಗೆ ಉಳಿಯುವುದು ಆರಿದ ರೊಟ್ಟಿ ಮತ್ತು ತಳದ ಸಾರು. ಮನೆಮಂದಿಯನ್ನೆಲ್ಲ ಬೆಚ್ಚಗಿಟ್ಟ ಅಡಿಗೆ ಮಾಡಿದವಳ ಮೈಗೇ ಹತ್ತದಿದ್ದರೆ ಸಜ್ಜೆಯ ಗುಣ ಹೊಗಳಿ ಏನು ಬಂತು? ಬಾಣಂತಿಗೆ ಅಂಟಿನ ಉಂಡೆ, ಅಳವಿ ಪಾಯಸ ಕೊಟ್ಟು ಆರೈಕೆ ಮಾಡುವ ತಿಳಿವಳಿಕೆ ಈ ಸೀಮೆಗೆ ಇದೆ. ಆ ಆರೈಕೆ ಬಾಣಂತನಕ್ಕೇ ಮುಗಿಯಬೇಕೆಂದೇನೂ ಇಲ್ಲ.

ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ಕಡಕ್ ರೊಟ್ಟಿ ಮಾರಿ ಸಂಸಾರ ನಡೆಸುವ ಹೆಂಗಸರಿದ್ದಾರೆ. ಮನೆಯಲ್ಲಿ ಲೆಕ್ಕಕ್ಕೆ ಬಾರದಿದ್ದ ಕೈಕೆಲಸಕ್ಕೆ ಪೇಟೆಯಲ್ಲಿ ಬೆಲೆ ಬಂದಿದೆ. ಮನೆಯಲ್ಲೂ ಬರಬೇಕಾದರೆ ಗಂಡುಮಕ್ಕಳೂ ಹಂಚಿನ ಮುಂದೆ ಕೂರಬೇಕು. ಮೊದಲ ರೊಟ್ಟಿ ನಕ್ಷೆಯಂತೆ ಸೊಟ್ಟಗೆ ಬಂದೀತು, ಹತ್ತನೆಯದು ದುಂಡಗಾಗುತ್ತದೆ. ಬರುವ ಎಳ್ಳ ಅಮಾವಾಸ್ಯೆಗೆ ಮನೆಯ ಹಿರಿಯಳನ್ನು ಕೇಳಿ ಒಂದು ಅಡಿಗೆಯನ್ನಾದರೂ ಅಳತೆಯ ಸಮೇತ ಬರೆದಿಡಿ. ಹೊಲದಲ್ಲಿ ಊಟಕ್ಕೆ ಕುಳಿತಾಗ ಮೊದಲ ಬಿಸಿರೊಟ್ಟಿಯನ್ನು ಅವಳ ಕೈಗೆ ಕೊಡಿ.